ಪರೇಡ್ ಮುಗಿದ ಮೂರನೇ ದಿನಕ್ಕೇ ಸಾಲ ಕೊಡೋರು ಬಂದ್ರು

ಈ ವಾರ ಸೋಯಾ ಎಲೆ ತಿನ್ನೋ ಹುಳದ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರ. ಇವತ್ತು ಬ್ಯಾರೆ ಹುಳದ ಮಾತೈತಿ.

ನಮ್ಮ ಅಣ್ಣನ ಮೊಮ್ಮಗ ಅಗ್ನಿವೀರ ಆಗ್ಯಾನ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಾಗ 31 ವಾರದ ತರಬೇತಿ ಮುಗಿಸಿದ. ಪರೇಡ್ ನೋಡಾಕ ಟೆಂಪೋ ಮಾಡ್ಕೊಂಡು ಹನ್ನೊಂದು ಮಂದಿ ಹೋಗಿದ್ವಿ. ಮನಿಯಾಗ ಮೂರು ಸಲ ಕೂಗಿದ್ರೂ ಏಳದ ಹುಡುಗ, ಅಲ್ಲಿ ಸಾಲಿನಾಗ ಒಂದು ಕೂದಲು ಆಚೀಚೆ ಆಗದಂಗ ಹೆಜ್ಜೆ ಹಾಕಿದ. ಎಲ್ಲರೂ ಒಂದೇ ಥರ ಕಾಣ್ತಿದ್ರು. ನಮ್ಮ ವೈನಿ ಕಣ್ಣು ಕಿರಿದು ಮಾಡಿ ಹುಡುಕಿ ಹುಡುಕಿ, ಕಡೀಕ ಯಾರದೋ ಮಗನನ್ನ ನೋಡಿ ಅತ್ತಳು. ತಂದೆ-ತಾಯಿ ಎದೆಗೆ ಗೌರವ ಪದಕ ಹಾಕಿದ್ರು. ಒಣಭೂಮಿ ಮೂರೆಕರೆ ಮಾಡೋ ಮನೆತನಕ್ಕ ಸರ್ಕಾರ ಎದೆ ಮ್ಯಾಲ ಏನಾದ್ರೂ ಹಾಕಿದ್ದು ಅದೇ ಮೊದಲು. ಹೆಮ್ಮೆ ಪಟ್ವಿ, ಇನ್ನೂ ಪಡ್ತೀವಿ. ಚಹಾ ಅಂಗಡಿ ಮುಂದ ಕುಂತು "ನಾಕು ವರ್ಷದ ಗುತ್ತಿಗಿ ಆಳು" ಅಂತ ನಗೋರಿಗೆ ಒಂದ ಮಾತು: ಆ ಮೈದಾನದಾಗ ನಿಮ್ಮ ಮಗ ಒಂದು ವಾರ ಓಡಿ ತೋರಿಸ್ಲಿ, ಆಮ್ಯಾಲ ನಗ್ರಿ.

ನನ್ನ ಜಗಳ ಹೊಗಳೋರ ಜೋಡಿ. ಬಸ್ ಸ್ಟ್ಯಾಂಡಿನಾಗ ಫ್ಲೆಕ್ಸ್ ನಿಲ್ಲಿಸಿದ್ರು. ಲೀಡರುಗಳ ಮುಖ ಕುಂಬಳಕಾಯಿ ಗಾತ್ರ, ಹುಡುಗನದು ನಿಂಬೆಹಣ್ಣು. ಹೋಗ್ಲಿ ಬಿಡ್ರಿ. ಆದ್ರ ಊರೆಲ್ಲ "ಹನ್ನೊಂದು ಲಕ್ಷ ಬರ್ತೈತಿ" ಅಂತ ಡಂಗುರ ಸಾರಿದ್ರಲ್ಲ, ಅದರ ಫಲ ಮೂರನೇ ದಿನಕ್ಕ ಅಣ್ಣನ ಕಟ್ಟಿ ಹತ್ತಿತು. ಒಬ್ಬ ಸಾಲದ ಏಜೆಂಟ್ ಬಂದ. ಐದು ಲಕ್ಷ ಈಗ ತಗೊಳ್ರಿ, ಟ್ರ್ಯಾಕ್ಟರಿಗೆ ಕಟ್ರಿ, ಹುಡುಗ ಬಂದಮ್ಯಾಲ ಸೇವಾ ನಿಧಿಯಿಂದ ತೀರಿಸ್ರಿ ಅಂದ. ನೂರಕ್ಕ ಎರಡು ಬಡ್ಡಿ.

ಲೆಕ್ಕ ಹಾಕ್ರಿ. ಐದು ಲಕ್ಷಕ್ಕ ತಿಂಗಳಿಗೆ 10,000. ನಾಕು ವರ್ಷಕ್ಕ 4,80,000, ಅದೂ ಸರಳ ಬಡ್ಡಿ ಹಿಡಿದ್ರ. ಅಸಲು ಸೇರಿ 9,80,000. ಸೇವಾ ನಿಧಿ ಬರೋದು ಸುಮಾರು 11.71 ಲಕ್ಷ. ಅಷ್ಟೊತ್ತಿಗೆ ಟ್ರ್ಯಾಕ್ಟರಿನ ಟೈರೂ ಸವೆದಿರ್ತಾವ.

ಇನ್ನ ಆ ಹನ್ನೊಂದು ಲಕ್ಷ ಯಾರೂ ದಾನ ಕೊಡೋದಲ್ಲ. ಮೊದಲ ವರ್ಷ ಸಂಬಳ 30,000, ಕೈಗೆ ಬರೋದು 21,000. ನೂರಕ್ಕ ಮೂವತ್ತು ಮುರಕೊಂಡು ನಿಧಿಗೆ ಹಾಕ್ತಾರ, ಸರ್ಕಾರ ಅಷ್ಟೇ ಸೇರಿಸ್ತದ. ಅಂದ್ರ 5.02 ಲಕ್ಷ ಹುಡುಗನ ಸ್ವಂತ ಬೆವರು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ನಾಕು ವರ್ಷ ಆದಮ್ಯಾಲ ಹೆಚ್ಚಂದ್ರ ನೂರಕ್ಕ ಇಪ್ಪತ್ತೈದು ಹುಡುಗರನ್ನ ಕಾಯಂ ಇಟ್ಕೊಳ್ತಾರ. 2022ರ ಜೂನ್‌ನಾಗ ಯೋಜನೆ ಹೇಳಿದಾಗಿಂದ ಇದು ಮುಚ್ಚಿಟ್ಟ ಮಾತೇನಲ್ಲ. ನಾಕು ಸಾಲು ಕಬ್ಬು ಹಚ್ಚಿ, ಒಂದು ಸಾಲು ಮಾತ್ರ ಕುಳೆ ಬಿಡ್ತೀವಿ ಅಂದಂಗ. ನಮ್ಮದು ಯಾವ ಸಾಲು ಅಂತ ಈಗ ಯಾರಿಗೆ ಗೊತ್ತು? ಬೀಳೋ ಮೂರು ಸಾಲಿನ ಬಗ್ಗೆ ನಮ್ಮ ಎಂ.ಎಲ್.ಎ., ಎಂ.ಪಿ.ಗಳನ್ನ ಕೇಳಬೇಕಾದೋರು ನಾವು. ನಾವು ಅವರ ಮುಖಾನ ಫ್ಲೆಕ್ಸಿನಾಗ ದೊಡ್ಡದು ಮಾಡ್ತೀವಿ.

ಹುಡುಗ ವಾಪಸ್ ಬಂದ್ರ ಅವನಿಗೆ ಇಪ್ಪತ್ತೆರಡು ವಯಸ್ಸು. ಆ ರೊಕ್ಕ ಆಗ ಅವನ ಕೈಯಾಗ ಇರಬೇಕು: ಬೋರ್‌ವೆಲ್ ಹೊಡಿಸ್ತಾನೋ, ಎರಡು ಎಮ್ಮಿ ಕಟ್ತಾನೋ, ಅರೆಸೇನಾ ಪಡೆ ಪರೀಕ್ಷೆ ಬರೀತಾನೋ, ಅವನ ಇಷ್ಟ. ಹತ್ತನೇ ಪಾಸಾಗಿ ಹೋದೋರಿಗೆ ಸೇವೆಯಾಗ ಇದ್ದಾಗಲೇ ಹನ್ನೆರಡನೇ ತರಗತಿ ಸರ್ಟಿಫಿಕೇಟ್ ಪಡೆಯೋ ವ್ಯವಸ್ಥೆ ಐತಿ. ನಿಮ್ಮ ಹುಡುಗ ಫೋನ್ ಮಾಡಿದಾಗ "ರೊಕ್ಕ ಯಾವಾಗ ಕಳಿಸ್ತಿ" ಅನ್ನೋ ಮೊದಲು ಅದನ್ನ ಕೇಳ್ರಿ.

ಅಣ್ಣಗ ಟ್ರ್ಯಾಕ್ಟರ್ ಆಸೆ ಇಲ್ಲ ಅಂತ ನಾ ಹೇಳಂಗಿಲ್ಲ. ಮೂವತ್ತು ವರ್ಷ ಬಾಡಿಗಿ ಟ್ರ್ಯಾಕ್ಟರಿಗೆ ಕಾದು ಕಾದು ಹದ ತಪ್ಪಿಸ್ಕೊಂಡ ಮನಷ್ಯಾ. ಅದಕ್ಕ ಅಂವ ಆ ಕಾಗದ ಇನ್ನೂ ಹರಿದಿಲ್ಲ, ಜಗಲಿ ಮ್ಯಾಲ ಪದಕದ ಡಬ್ಬಿ ಕೆಳಗ ಇಟ್ಟಾನ. ಏಜೆಂಟ್ ಸೋಮವಾರ ಮತ್ತ ಬರ್ತಾನಂತ. ನಾನೂ ಕಟ್ಟಿ ಮ್ಯಾಲ ಕುಂತಿರ್ತೀನಿ, ಬರೋರು ಬರ್ರಿ.