ಹುಳು ಸಾಕುವ ಮನೆಗೆ ಭೂಮಿಯ ಶಾಖ

ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರು ಹೋಬಳಿಯು ಮಳೆ ಕಡಿಮೆಯಾದ ಬಯಲುಸೀಮೆಯೆಂಬುದು ಸರ್ವವಿದಿತವಾದ ವಿಷಯವೇ ಸರಿ. ಇಂತಹ ಸೀಮೆಯಲ್ಲಿ ಅಲ್ಪ ನೀರಿನಿಂದ ವರ್ಷಕ್ಕೆ ಹಲವು ಸಲ ಹಣ ಕಾಣಿಸತಕ್ಕ ಕಸುಬು ರೇಷ್ಮೆ. ಆದರೆ ಹಿಪ್ಪುನೇರಳೆ ತೋಟಕ್ಕೆ ಗೊಬ್ಬರವನ್ನು ಧಾರಾಳವಾಗಿ ಹಾಕಿಸುವ ಜಮೀನುದಾರರೂ ಹುಳು ಸಾಕುವ ಮನೆಯ ಹವೆಯ ವಿಷಯದಲ್ಲಿ ಅಷ್ಟು ಲಕ್ಷ್ಯವಿಡುವುದಿಲ್ಲ. ಬೆಳೆ ಕೆಟ್ಟಾಗ ಮೊಟ್ಟೆಯನ್ನು ದೂರುವವರು ಬಹುಮಂದಿ. ಗೋಡೆಗೆ ತೂಗುಹಾಕಿದ ಉಷ್ಣಮಾಪಕವನ್ನು ದಿನವೂ ನೋಡುವವರು ವಿರಳ.

ಚಾಕಿ ಹುಳುಗಳಿಗೆ ಮೊದಲನೆಯ ಹಂತದಲ್ಲಿ 28 ಡಿಗ್ರಿ ಸೆಂಟಿಗ್ರೇಡ್, ಎರಡನೆಯ ಹಂತದಲ್ಲಿ 27 ಡಿಗ್ರಿ ಶಾಖವಿರಬೇಕು. ಗಾಳಿಯ ತೇವವು ನೂರಕ್ಕೆ 85ರ ಮೇಲಿರಬೇಕು. ಕೊನೆಯ ಜ್ವರ ಕಳೆದ ದೊಡ್ಡ ಹುಳುಗಳಿಗಾದರೋ 24 ಡಿಗ್ರಿಯೇ ಹಿತ. ಧನುರ್ಮಾಸದ ರಾತ್ರಿಗಳಲ್ಲಿ ಹೊರಗಿನ ಗಾಳಿ 15 ಡಿಗ್ರಿಯ ಸಮೀಪಕ್ಕೆ ಇಳಿಯುವುದುಂಟು. ಏಪ್ರಿಲ್ ತಿಂಗಳಿನ ಮಧ್ಯಾಹ್ನ 37 ಡಿಗ್ರಿಯನ್ನು ಮುಟ್ಟುವುದುಂಟು. ಶಾಖ ಸಾಲದಿದ್ದರೆ ಹುಳು ಸೊಪ್ಪು ತಿನ್ನದು, ಜ್ವರಕ್ಕೆ ಒಂದೇ ಸಮನಾಗಿ ಕೂರದು. ಚಳಿಯೊಡನೆ ತೇವವೂ ಹೆಚ್ಚಿದರೆ ಸುಣ್ಣಕಟ್ಟು ರೋಗಕ್ಕೆ ದಾರಿಯಾಗುವುದು.

ಚಳಿಗಾಲದಲ್ಲಿ ಅನೇಕರು ಮಾಡುವ ಉಪಾಯವೆಂದರೆ ಕೋಣೆಯ ಕದವಿಕ್ಕಿ ಇದ್ದಿಲ ಒಲೆ ಇಡುವುದು. ಇದು ಸರ್ವಥಾ ಕೂಡದು. ಇದ್ದಿಲ ಹೊಗೆಯಲ್ಲಿರುವ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಹುಳುವಿಗೆ ಕೆಡುಕು. ರಾತ್ರಿ ಸೊಪ್ಪು ಹಾಕಲು ಅಲ್ಲಿಯೇ ಮಲಗುವ ಆಳುಮಕ್ಕಳ ಪ್ರಾಣಕ್ಕೂ ಅಪಾಯ.

ಇದಕ್ಕೆ ಬದಲಾಗಿ ಭೂಮಿಯ ಶಾಖವನ್ನೇ ಮೇಲಕ್ಕೆ ತರುವ ಯಂತ್ರವೊಂದುಂಟು. ಇದರ ತತ್ತ್ವವನ್ನು ಕೆಲ್ವಿನ್ ಎಂಬ ಶಾಸ್ತ್ರಜ್ಞರು 1852ರಲ್ಲಿಯೇ ವಿವರಿಸಿದರು; ಭೂಮಿಯಿಂದ ಶಾಖ ಪಡೆಯುವ ಕ್ರಮಕ್ಕೆ 1912ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹಕ್ಕುಪತ್ರವಾಯಿತು. ತತ್ತ್ವವು ಈ ನಾಡಿಗೆ ಹೊಸದಲ್ಲ. ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದುದಕ್ಕೆ ಒಂದು ಕಾರಣ, ನೆಲದೊಳಗೆ ಬಿಸಿಲು ಚಳಿಗಳ ಏರಿಳಿತ ತಟ್ಟದೆಂಬುದು. ಹತ್ತಾರು ಅಡಿ ಕೆಳಗೆ ವರ್ಷವಿಡೀ ಉಷ್ಣತೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ನೆಲದಲ್ಲಿ ಹೂತ ಕೊಳವೆಯ ನೀರು ಆ ಶಾಖವನ್ನು ಹೊತ್ತು ತರುವುದು. ಯಂತ್ರವು ಅದನ್ನು ಒತ್ತಿ ಇನ್ನಷ್ಟು ಬಿಸಿಮಾಡಿ ಮನೆಯೊಳಗಿನ ಕೊಳವೆಗೆ ಕೊಡುವುದು. ವಿದ್ಯುಚ್ಛಕ್ತಿಯ ಒಲೆಯು 20 ಯೂನಿಟ್ ಸುಡುವಲ್ಲಿ ಚೆನ್ನಾಗಿ ಕೂಡಿಸಿದ ಈ ಯಂತ್ರಕ್ಕೆ 5ರಿಂದ 7 ಯೂನಿಟ್ ಸಾಕು.

ಯಂತ್ರವನ್ನು ಹುಳುವಿನ ಕೋಣೆಯಲ್ಲಿ ಇಡಕೂಡದು. ಸೋಂಕು ಕಳೆಯಲು ಬಳಸುವ ಬ್ಲೀಚಿಂಗ್ ಪುಡಿಯು ತಾಮ್ರದ ಭಾಗಗಳನ್ನು ತಿನ್ನುವುದು. ಪಕ್ಕದ ಒಣ ಕೋಣೆಯಲ್ಲಿ, ಮಟ್ಟಸವಾದ ಗಾರೆಯ ಕಟ್ಟೆಯ ಮೇಲೆ, ಅಡಿಗೆ ರಬ್ಬರು ಹಾಸಿ ನಿಲ್ಲಿಸತಕ್ಕದ್ದು. ಗೋಡೆಯನ್ನು ತೂರಿ ಬರುವ ಕೊಳವೆಗಳ ಸಂದನ್ನು ಇಲಿ ನುಗ್ಗದಂತೆ ಮುಚ್ಚಬೇಕು. ಕೊಳವೆಗಳನ್ನು ಮುಚ್ಚುವ ಮೊದಲೇ ನೀರು ತುಂಬಿ ಒತ್ತಡದಲ್ಲಿ ಪರೀಕ್ಷಿಸಿ, ಒಳಗೆ ಸಿಕ್ಕ ಗಾಳಿಯನ್ನು ಬಿಡಿಸಬೇಕು. ಮನೆಯ ಕೊಳವೆಗೆ 35ರಿಂದ 40 ಡಿಗ್ರಿಯ ನೀರೇ ಸಾಕು. ಹೆಚ್ಚು ಬಿಸಿ ಬಯಸಿದಷ್ಟೂ ಕರೆಂಟಿನ ಖರ್ಚು ಏರುವುದು. ಬಿಸಿ ಮಾಡಿದ ಗಾಳಿ ಒಣಗುವುದರಿಂದ ಒದ್ದೆ ಗೋಣಿತಾಟು ತೂಗುಹಾಕುವುದನ್ನು ಮರೆಯಬಾರದು. ಪಂಪ್‌ಸೆಟ್ಟಿನ ತ್ರೀಫೇಸ್ ವಿದ್ಯುತ್ತು ದಿನದ ಕೆಲವು ಗಂಟೆ ಮಾತ್ರ ಬರುವುದರಿಂದ, ಮನೆಯ ಸಿಂಗಲ್‌ಫೇಸ್ ತಂತಿಯಲ್ಲಿ ನಡೆಯುವ ಯಂತ್ರವನ್ನೇ ಆರಿಸತಕ್ಕದ್ದು.

ನೀರು ಬತ್ತಿದ ಕೊಳವೆಬಾವಿಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಅವುಗಳಲ್ಲಿ ಕೊಳವೆ ಇಳಿಸಬಹುದಲ್ಲವೇ ಎಂದು ಕೇಳುವವರುಂಟು. ಇಳಿಸಬಹುದು, ಆದರೆ ಬಂಡೆಗೂ ಕೊಳವೆಗೂ ನಡುವೆ ಬರಿಯ ಗಾಳಿಯಿದ್ದರೆ ಶಾಖ ದಾಟದು. ತಳದಿಂದ ಜೇಡಿಮಣ್ಣಿನ ಗಂಜಿಯನ್ನೂ ಮರಳನ್ನೂ ತುಂಬುತ್ತ ಬರಬೇಕು. ಹೀಗೆ ತುಂಬಿದರೆ ತೆರೆದ ಬಾವಿಯೊಳಕ್ಕೆ ಮಕ್ಕಳು ಬೀಳುವ ಭಯವೂ ತಪ್ಪುವುದು. ಪಾಳುಬಾವಿಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ವಿಧಿಸಿದೆ. ನೀರಿರುವ ಬಾವಿಯನ್ನು ಮಾತ್ರ ಈ ಕೆಲಸಕ್ಕೆ ಮುಟ್ಟಕೂಡದು.

ಹಾಗೆಂದು ಪ್ರತಿಯೊಬ್ಬರೂ ಸಾಲ ಮಾಡಿ ಈ ಯಂತ್ರ ತರಬೇಕೆಂದು ಹೇಳುವುದು ವಿವೇಕವಲ್ಲ. ಹಿಮ ಬೀಳುವ ಸ್ವೀಡನ್ನಿನಂತಹ ದೇಶದಲ್ಲಿ ಇದು ಮನೆಮನೆಗೆ ಸಲ್ಲುವುದು. ಇಲ್ಲಿಯ ಚಳಿ ಅಲ್ಪ. ಬರಿಯ ಶಾಖಕ್ಕಾಗಿ ಆದರೆ ಹೊರಗಾಳಿಯಿಂದಲೇ ಶಾಖ ಪಡೆಯುವ ಅಗ್ಗದ ಯಂತ್ರವೂ ಸಾಕಾದೀತು. ಅದೇ ಯಂತ್ರವನ್ನು ತಿರುಗುಮುರುಗು ನಡೆಸಿ ಬೇಸಿಗೆಯಲ್ಲಿ ಮನೆಯ ಸೆಕೆಯನ್ನು ನೆಲಕ್ಕೆ ಇಳಿಸಿದರೆ ಮಾತ್ರ ನೆಲ ಕೊರೆದ ಖರ್ಚಿಗೆ ನ್ಯಾಯ ದೊರೆಯುವುದು. ಅದಕ್ಕೂ ಮೊದಲು ತಗಡಿನ ಮಾಡಿನ ಮೇಲೆ ಸೋಗೆ ಹೊದಿಸುವುದು, ಗೋಡೆಗೆ ಸುಣ್ಣ ಬಳಿಯುವುದು, ಪಡುವಣ ಬಿಸಿಲಿಗೆ ಮರ ಬೆಳೆಸುವುದು, ಚಾವಣಿಯ ಸಂದು ಮುಚ್ಚುವುದು ಆಗಬೇಕು. ತೂತು ಗಡಿಗೆಗೆ ನೀರು ತುಂಬಿ ಫಲವೇನು?

ಆದುದರಿಂದ ಗ್ರಾಮದ ಮುಖಂಡರು ಯೋಚಿಸತಕ್ಕುದು ಸಾಮೂಹಿಕ ಚಾಕಿ ಕೇಂದ್ರವನ್ನು. ಎಳೆಯ ಹುಳುವಿಗೆ ಶಾಖ ಹೆಚ್ಚು ಬೇಕು, ಸ್ಥಳ ಕಡಿಮೆ ಸಾಕು. ಹತ್ತು ಮನೆಗಳ ಚಾಕಿಯನ್ನು ಒಂದು ಒಳ್ಳೆಯ ಕೋಣೆಯಲ್ಲಿ ಎರಡನೆಯ ಜ್ವರದವರೆಗೆ ಸಾಕಿ ಹಂಚಿದರೆ ಯಂತ್ರದ ಖರ್ಚು ಹತ್ತು ಪಾಲಾಗುವುದು. ಅರ್ಧ ಎಕರೆ ತೋಟದ ಬಡ ರೈತನಿಗೂ ಅದರ ಫಲ ಮುಟ್ಟುವುದು. ಯಜಮಾನರು ಈ ಚಳಿಗಾಲದಲ್ಲಿ ತಮ್ಮ ಊರಿನ ಹುಳುಮನೆಗಳಲ್ಲಿ ಬೆಳಗಿನ ಜಾವದ ಉಷ್ಣತೆಯನ್ನು ಒಂದು ತಿಂಗಳು ಬರೆಯಿಸಿಡಲಿ. ಆ ಲೆಕ್ಕವನ್ನು ಮುಂದಿಟ್ಟುಕೊಂಡು ರೇಷ್ಮೆ ಇಲಾಖೆಯವರೊಡನೆ ಸಮಾಲೋಚಿಸಲಿ. ಯಂತ್ರ ಬಂದರೂ ಬಾರದಿದ್ದರೂ ಇದ್ದಿಲ ಒಲೆಯನ್ನು ಮಾತ್ರ ಇಂದೇ ಹೊರಗಿಡಿಸಲಿ.