ಲಡಾಖ್‌ನ ಬೆಳಕು: ಉಳಿದರ್ಧ ಕಥೆ

‘ಗಡಿ ಕಾಯುವ ಯೋಧರ ಕಣ್ಣು ತಪ್ಪುವುದುಂಟೇ?’ ಎಂದು ಕೇಳಿ, ಲಡಾಖ್‌ನ ಆಕಾಶದಲ್ಲಿ ಕಂಡ ಬೆಳಕುಗಳನ್ನು ಕಳೆದ ಸಂಚಿಕೆಯ ಲೇಖಕರು ಅನ್ಯಲೋಕದವರ ಖಾತೆಗೆ ಜಮಾ ಮಾಡಿದ್ದಾರೆ. ಅರ್ಧ ಕಥೆ ಹೇಳಿ ಕೈತೊಳೆದುಕೊಂಡರೆ ಹೇಗೆ ಸ್ವಾಮಿ?

2012ರಲ್ಲಿ ಪ್ಯಾಂಗಾಂಗ್ ಸರೋವರದ ಕಡೆ ಕಂಡ ಬೆಳಕುಗಳು ಚೀನಾದ ಡ್ರೋನ್ ಇರಬಹುದೆಂದು ಸೈನಿಕರು ಶಂಕಿಸಿದ್ದು ನಿಜ. ಅನುಮಾನಪಡುವುದೇ ಅವರ ಕೆಲಸ. ಆದರೆ ಸೇನೆ ಅಲ್ಲಿಗೇ ನಿಲ್ಲಲಿಲ್ಲ. ಖಗೋಳ ವಿಜ್ಞಾನಿಗಳನ್ನು ಕೇಳಿತು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಆ ಬೆಳಕುಗಳ ಚಲನೆಯನ್ನು ನಕ್ಷತ್ರಗಳಿಗೆ ಹೋಲಿಸಿ ನೋಡಿದರು. ಸಂಜೆ ಮೂಡಿ ರಾತ್ರಿಯಿಡೀ ಕಂಡದ್ದು ಗುರು. ಬೆಳಗಿನ ಜಾವ ಎದ್ದದ್ದು ಶುಕ್ರ. 2013ರಲ್ಲೇ ಪತ್ರಿಕೆಗಳಲ್ಲಿ ಬಂದ ಸುದ್ದಿಯಿದು. ಗಾಳಿ ತೆಳುವಾದ, ಧೂಳಿಲ್ಲದ ಆ ಎತ್ತರದಲ್ಲಿ ಗ್ರಹಗಳು ನಮ್ಮೂರಿನಲ್ಲಿ ಕಂಡದ್ದಕ್ಕಿಂತ ಪ್ರಖರ.

ಇನ್ನು, ಲೇಖಕರು ಬೆರಗಾದ ‘ಸಾಲು ದೀಪಗಳು’. 2019ರಿಂದ ಹಾರುತ್ತಿರುವ ಸ್ಟಾರ್‌ಲಿಂಕ್ ಉಪಗ್ರಹಗಳು ಉಡಾವಣೆಯಾದ ಹೊಸತರಲ್ಲಿ ಹೀಗೇ ಸಾಲುಗಟ್ಟಿ ಸಾಗುತ್ತವೆ. ನೆಲದಲ್ಲಿ ಕತ್ತಲಾದರೂ ಮೇಲೆ ಅವುಗಳಿಗೆ ಇನ್ನೂ ಬಿಸಿಲಿರುತ್ತದೆ; ಹೊಳೆಯುವುದು ಅದೇ. ಮುಂದೆ ಹೋಗಿ ಭೂಮಿಯ ನೆರಳು ಹೊಕ್ಕೊಡನೆ ‘ಮಾಯ’!

ತಮ್ಮ ಬೆಳಕು ಇದ್ಯಾವುದೂ ಅಲ್ಲ ಎನ್ನುವ ಲೇಖಕರು, ಕಂಡ ದಿನ, ಹೊತ್ತು, ದಿಕ್ಕು ಮೂರನ್ನೂ ಬರೆಯದೆ ಬಿಟ್ಟದ್ದೇಕೆ?