ಜೈಸಲಮೇರಿನಲ್ಲಿ ನಮ್ಮ ಬೇಸಿಗೆಯ ರಜೆ

ಚೈತ್ರ ಕಳೆಯುತ್ತಿದ್ದಂತೆಯೇ ನಮ್ಮ ಬಸದಿಗಳ ಫಲಕಗಳ ಮೇಲೆ ಯಾತ್ರೆಯ ಕರಪತ್ರಗಳು ಕಾಣಿಸಿಕೊಳ್ಳುತ್ತವೆ. ಶಾಲೆಗಳಿಗೆ ರಜೆ. ಮಕ್ಕಳಿಗೆ ಒಂಟೆಸವಾರಿ, ಹಿರಿಯರಿಗೆ ಜಿನದರ್ಶನ, ಎಲ್ಲರಿಗೂ ಜೈಸಲಮೇರಿನ ಕೋಟೆಯೊಳಗೇ ವಸತಿ. ಇದನ್ನು ತೀರ್ಥಯಾತ್ರೆಯೆಂದು ಕರೆಯುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಿನಲ್ಲಿ ಅಂತಹುದೊಂದು ತಂಡದೊಡನೆ ನಾನೂ ಹೋಗಿದ್ದೆ. ಉರಿ ತಾಳಲಾರದೆ ಕೋಟೆಯೊಳಗಿನ ವಸತಿಗೃಹದಲ್ಲಿ ದಿನಕ್ಕೆ ಮೂರು ಬಾರಿ ಮಿಂದೆ. ಹೊರಡುವ ದಿನ ಕೆಳಗಿನ ಓಣಿಯ ಗೋಡೆಯಲ್ಲಿ ತೇವದ ಕಲೆಯೊಂದು ಕಂಡಿತು. ಅದು ಯಾರು ಮಿಂದ ನೀರೆಂದು ಕೇಳುವ ಅಗತ್ಯ ಬೀಳಲಿಲ್ಲ.

1156ರಲ್ಲಿ ರಾವಲ ಜೈಸಲನು ತ್ರಿಕೂಟವೆಂಬ ಗುಡ್ಡದ ಮೇಲೆ ಕಟ್ಟಿಸತೊಡಗಿದ ಕೋಟೆಯಿದು. ಹೊಂಬಣ್ಣದ ಮರಳುಗಲ್ಲನ್ನು ಎಲ್ಲರೂ ಹೊಗಳುತ್ತಾರೆ. ಅದರ ಅಡಿಯಲ್ಲಿ ನೀರು ಕಂಡರೆ ಸಡಿಲುವ ಜೇಡಿಪದರಗಳಿರುವುದನ್ನು ಯಾವ ಕರಪತ್ರವೂ ಹೇಳದು. ಮಳೆ ಅಪರೂಪವಾದ ಸೀಮೆಗೆ ಆ ನೆಲೆ ಸಾಕಾಗಿತ್ತು. ಗಡಸೀಸರ ಕೆರೆಯಿಂದ ಹೆಂಗಸರು ಕೊಡ ಹೊತ್ತು ಮೇಲೇರುತ್ತಿದ್ದ ಕಾಲದಲ್ಲಿ ನೀರನ್ನು ಚೆಲ್ಲುವ ಧೈರ್ಯ ಯಾರಿಗೂ ಇರಲಿಲ್ಲ. ಕೊಳವೆ ಬಂದು, ಮನೆಗಳು ವಸತಿಗೃಹಗಳಾದ ಮೇಲೆ ನೀರು ಸುಲಭವಾಗಿ ಮೇಲೇರಿತು. ಇಳಿದುಹೋಗಲು ದಾರಿ ಮಾತ್ರ ಸಾಲದಾಯಿತು. 1996ರಲ್ಲಿಯೇ ವಿಶ್ವ ಸ್ಮಾರಕ ನಿಧಿಯು ಈ ಕೋಟೆಯನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತ್ತು. 2024ರ ಆಗಸ್ಟಿನಲ್ಲಿ ಗೋಡೆಯ ಒಂದು ಭಾಗವೇ ಕುಸಿಯಿತು. ಅಂದು ಸುರಿದದ್ದು ಮಳೆ, ನಮ್ಮ ಸ್ನಾನದ ನೀರಲ್ಲ, ನಿಜ. ಆದರೆ ನೆನೆಯಬಾರದ ನೆಲೆಯನ್ನು ವರ್ಷವಿಡೀ ನೆನೆಸುವವರು ಮಳೆಯೊಂದನ್ನೇ ದೂರುವುದು ಯಾವ ನ್ಯಾಯ?

ಆ ಗೋಡೆಗಳ ಒಳಗೆ ಏಳು ಜಿನಾಲಯಗಳಿವೆ. ಜಿನಭದ್ರಸೂರಿಯ ಹೆಸರಿನ ಜ್ಞಾನಭಂಡಾರವಿದೆ. ನಮಗೆ ಮೂಡಬಿದಿರೆಯ ತಾಡವೋಲೆಗಳು ಹೇಗೋ ಅವರಿಗೆ ಅಲ್ಲಿಯ ಗ್ರಂಥಗಳು ಹಾಗೆ. “ಅವೆಲ್ಲ ಶ್ವೇತಾಂಬರರವಲ್ಲವೇ?” ಎಂದು ಟ್ರಸ್ಟಿಯೊಬ್ಬರು ನಕ್ಕರು. ದರ್ಶನಕ್ಕೆ ಚೀಟಿ ಹರಿಯುವಾಗ ಈ ಭೇದ ಎಲ್ಲಿ ಅಡಗಿತ್ತೋ!

ಆ ಊರಿನವರಿಗೆ ಬೇಸಿಗೆಯಲ್ಲಿ ಹಬ್ಬವಿಲ್ಲವೆ? ಇದೆ. ಅಕ್ಷಯ ತೃತೀಯೆಯನ್ನು ಮಾರವಾಡದ ಮನೆಗಳು ಆಖಾ ತೀಜ್ ಎನ್ನುತ್ತವೆ. ಸಜ್ಜೆ ಕುಟ್ಟಿ ಬೇಯಿಸಿದ ಖೀಚ್ ಆ ದಿನದ ಊಟ. ನಮಗೂ ಅದು ಪರ್ವದಿನವೇ. ವರ್ಷಕ್ಕೂ ಮಿಗಿಲಾಗಿ ಆಹಾರವಿಲ್ಲದೆ ಸಂಚರಿಸಿದ ಆದಿನಾಥನು ಹಸ್ತಿನಾಪುರದಲ್ಲಿ ಶ್ರೇಯಾಂಸನಿಂದ ಕಬ್ಬಿನ ರಸ ಸ್ವೀಕರಿಸಿದ ದಿನ. ಸ್ವೀಕರಿಸಿದ್ದು ಅಂಜಲಿಯಲ್ಲಿ ಹಿಡಿದಷ್ಟು ರಸ, ತೊಟ್ಟಿಯಲ್ಲಿ ತುಂಬಿದ ನೀರಲ್ಲ. ಒಂಟೆಗಳ ಓಟ, ಪೇಟ ಕಟ್ಟುವ ಪಂದ್ಯಗಳ ಮರು ಮಹೋತ್ಸವವನ್ನೂ ಸರಕಾರ ಮಾಘದ ಹುಣ್ಣಿಮೆಗೆ, ಚಳಿಯಲ್ಲಿಯೇ ನಡೆಸುತ್ತದೆ. ಮೇ ತಿಂಗಳ ಕಾದ ಮರಳಿಗೆ ಒಂಟೆಯನ್ನು ಹೊರಡಿಸುವುದು ಹೊರಗಿನಿಂದ ಬಂದ ನಮ್ಮ ರಜೆಯ ಚಪಲ.

ಪ್ರವಾಸದಿಂದ ಆ ಊರಿಗೆ ಅನ್ನವಿದೆಯೆಂಬ ವಾದವನ್ನು ವರ್ತಕನಾದ ನಾನು ಹಗುರವಾಗಿ ತಳ್ಳಲಾರೆ. ಆದರೆ ಅನ್ನ ಕೊಡಲು ಕೋಟೆಯೊಳಗೇ ಮಲಗಬೇಕೆ? ಕೆಳಗಿನ ಪೇಟೆಯಲ್ಲಿ ತಂಗಿದರೂ ಅದೇ ಊರಿನವರಿಗೇ ಹಣ ಸಲ್ಲುತ್ತದೆ. ಕಾಲುವೆಯ ನೀರು ಧಾರಾಳವಾಗಿದೆಯೆಂಬ ವಾದವಂತೂ ಜಮಾ ಮಾತ್ರ ಓದಿ ಖರ್ಚಿನ ಪುಟ ಮುಚ್ಚುವ ಲೆಕ್ಕಿಗನದು. ಅಲ್ಲಿಯ ಪೆಟ್ಟು ನೀರಿನ ಅಭಾವದಿಂದಲ್ಲ, ಅತಿಯಿಂದ.

ಅನರ್ಥದಂಡದ ಬಗೆಗಳನ್ನು ಹೇಳುವಾಗ ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯಲ್ಲಿ ನೆಲ, ನೀರು, ಬೆಂಕಿ, ಗಾಳಿಗಳ ವ್ಯರ್ಥ ಬಳಕೆಯನ್ನಷ್ಟೇ ಸೇರಿಸಿಲ್ಲ. ಪ್ರಯೋಜನವಿಲ್ಲದೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ಮೊದಲನೆಯದು ನನ್ನಂಥ ಯಾತ್ರಿಕನ ದೋಷ. ಎರಡನೆಯದು ಬಸ್ಸು ಗೊತ್ತುಮಾಡುವ ಟ್ರಸ್ಟುಗಳದ್ದು. ರತ್ನಕರಂಡಕ ಶ್ರಾವಕಾಚಾರವನ್ನು ಪರ್ಯೂಷಣದಲ್ಲಿ ಓದಿಸುವವರು ನಾವೇ. ಮನೆಯಲ್ಲಿ ನೀರನ್ನು ಸೋಸಿ ಕುಡಿಯುವವರೂ ನಾವೇ. ರಜೆಯ ಪೆಟ್ಟಿಗೆ ಕಟ್ಟುವಾಗ ಆ ಸೋಸುವ ಬಟ್ಟೆ ಮನೆಯಲ್ಲಿಯೇ ಉಳಿಯುತ್ತದೆ.

ಮುಂದಿನ ಬೇಸಿಗೆಯ ಕರಪತ್ರಗಳು ಇನ್ನೂ ಅಚ್ಚಾಗಿಲ್ಲ. ಧರ್ಮದರ್ಶಿಗಳು ಎರಡು ಸಾಲುಗಳನ್ನು ತಿದ್ದಿಕೊಡಲಿ: ಯಾತ್ರೆಯ ತಿಂಗಳು ಮೇ ಬದಲು ಪುಷ್ಯವೋ ಮಾಘವೋ ಆಗಲಿ, ವಸತಿ ಕೋಟೆಯ ಹೊರಗಿರಲಿ. ಮಕ್ಕಳಿಗೆ ಆಗ ರಜೆಯಿರುವುದಿಲ್ಲವೆಂಬ ದೂರು ಬಂದೇ ಬರುತ್ತದೆ; ನನ್ನ ಮನೆಯಲ್ಲಿ ಈಗಾಗಲೇ ಬಂದಿದೆ.